ಟೇಪ್ ಐತೇನ್ರಿ ಮಾಸ್ತರ?

ನಮ್ಮ ಮನೆಯ ಬಾಗಿಲು ಬಡಿಯುವವರಲ್ಲಿ ನನ್ನನ್ನು ಕೇಳಿಕೊಂಡು ಬರುವವರು ಕಡಿಮೆ. ನನ್ನ ಟೇಪು ಕೇಳಿಕೊಂಡು ಬರುವವರೇ ಜಾಸ್ತಿ. ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಮನೆ ರಬಕವಿಯಲ್ಲಿ. ಉದ್ದ ಜಿಗಿತ, ಗುಂಡು ಎಸೆತ ಅಳೆಯಲಿಕ್ಕೆ ಮೂವತ್ತು ಮೀಟರಿನ ಒಂದು ಉದ್ದನೆಯ ಟೇಪು, ಸಣ್ಣಪುಟ್ಟ ಕೆಲಸಕ್ಕೆ ಕಿಸೆಯಲ್ಲಿ ಹಿಡಿಯುವ ಒಂದು ಸ್ಟೀಲ್ ಟೇಪು ಇಟ್ಟುಕೊಂಡಿದ್ದೇನೆ. ಎರಡೂ ನನ್ನ ಸ್ವಂತದವು. ಆದರೆ ಹಾಗೆಂದು ಓಣಿಯಲ್ಲಿ ಯಾರೂ ತಿಳಿದಿಲ್ಲ. ಬಾವಿ, ಬೋರ್‌ವೆಲ್ ಇದ್ದಂತೆ ಇದೂ ಎಲ್ಲರದು ಎಂದು ತಿಳಿದಿದ್ದಾರೆ.

ಈಗ ಮೊಬೈಲಿನಲ್ಲೇ ಅಳತೆ ತೆಗೆಯಬಹುದಂತೆ. ನಮ್ಮ ಓಣಿಯವರಿಗೆ ಮೊಬೈಲಿನಲ್ಲಿ ಬಂದ ಸುದ್ದಿಯೆಲ್ಲ ನಿಜ, ಅಳತೆ ಮಾತ್ರ ಸುಳ್ಳು. “ಟೇಪ್ ಐತೇನ್ರಿ ಮಾಸ್ತರ?” ಎಂದು ಕೇಳಿಕೊಂಡೇ ಬರುತ್ತಾರೆ. ಟೇಪು ಕೊಟ್ಟು ಕಳಿಸಿದರೆ ಮುಗಿಯಿತೇ? ಇಲ್ಲ. ಟೇಪಿಗೆ ಎರಡು ತುದಿ. ಒಂದನ್ನು ಅವರು ಹಿಡಿದರೆ ಇನ್ನೊಂದನ್ನು ಹಿಡಿಯಲಿಕ್ಕೆ ನಾನೂ ಬೇಕು. ರವಿವಾರ ಮಧ್ಯಾಹ್ನ ಉಂಡು ಅಡ್ಡಾಗಿದ್ದೇನೆ ಎನ್ನುವಷ್ಟರಲ್ಲಿ ಯಾರದೋ ಗೋಡೆಗೆ ತುದಿ ಒತ್ತಿ ಹಿಡಿದು ನಿಂತಿರುತ್ತೇನೆ. ಹೀಗೇ ವರ್ಷಗಳು ಹೋದವು. ರಿಟೈರ್ ಆಗುವ ಕಾಲ ಹತ್ತಿರ ಬಂದರೂ ಇದಕ್ಕೆ ರಿಟೈರ್‌ಮೆಂಟ್ ಇರುವ ಲಕ್ಷಣ ಕಾಣುತ್ತಿಲ್ಲ.

ಮಗ್ಗ ಕೂತಿತು

ನಮ್ಮ ಓಣಿಯ ಕೊನೆಗೆ ಒಂದು ಪವರ್‌ಲೂಮ್ ಶೆಡ್ ಇದೆ. ಅದರ ಮಾಲಕರಿಗೆ ಇದ್ದ ಮಗ್ಗ ಸಾಲದೆ ಇನ್ನೊಂದು ಬೇಕೆನಿಸಿತು. ಇಚಲಕರಂಜಿಯಲ್ಲಿ ಒಂದು ಹಳೆಯ ಮಗ್ಗ ಕಡಿಮೆಗೆ ಸಿಗುತ್ತಿತ್ತು. ಶೆಡ್ಡಿನ ಮೂಲೆಯಲ್ಲಿ ಅದು ಕೂಡುತ್ತದೋ ಇಲ್ಲವೋ ನೋಡಬೇಕೆಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ಮೂಲೆ ಅಳೆದೆವು. ಮಗ್ಗದ ಅಳತೆಯನ್ನು ಫೋನಿನಲ್ಲಿ ತರಿಸಿಕೊಂಡೆವು. ಎರಡಕ್ಕೂ ಸರಿಯಾಯಿತು. ಎಷ್ಟು ಸರಿ ಎಂದರೆ ನಡುವೆ ಕೈ ಹೋಗುವಷ್ಟು ಜಾಗ ಮಾತ್ರ ಉಳಿಯಿತು.

ಬಹಳ ಬಿಗಿಯಾಗುತ್ತದಲ್ಲ ಎಂದು ನಾನು ಒಂದು ಮಾತು ಹೇಳಿದೆ. ಅಲ್ಲೇನು ನಾವು ಕುಣಿಯಬೇಕಾಗಿದೆಯೇ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ಮಗ್ಗ ಟೆಂಪೋದಲ್ಲಿ ಬಂತು. ನೆಲಕ್ಕೆ ಬೋಲ್ಟ್ ಹಾಕಿ ಕೂಡಿಸಿದರು. ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದು ಎಲ್ಲರಿಗೂ ಪೇಡೆ ಕೊಟ್ಟರು. ಕರೆಂಟ್ ಕೊಟ್ಟ ಮೇಲೆ ನೇಕಾರ ಬಂದು ತಾನು ನಿಲ್ಲಬೇಕಾದ ಜಾಗ ಹುಡುಕಿದ. ಮಗ್ಗ ನೋಡಿದ, ಗೋಡೆ ನೋಡಿದ, ತನ್ನ ಹೊಟ್ಟೆಯನ್ನೂ ಒಮ್ಮೆ ನೋಡಿಕೊಂಡ. ಆಮೇಲೆ ಹೊರಗೆ ಹೋಗಿ ಎಲೆಅಡಿಕೆ ಹಾಕಿಕೊಂಡು ಕೂತ. ನಾವು ಮಗ್ಗ ಅಳೆದಿದ್ದೆವು, ಗೋಡೆ ಅಳೆದಿದ್ದೆವು, ನೇಯುವ ಮನುಷ್ಯನನ್ನು ಇಬ್ಬರೂ ಮರೆತಿದ್ದೆವು.

ಮಗ್ಗವನ್ನು ಎಬ್ಬಿಸಿ ಬೇರೆ ಕಡೆ ಹಾಕಿದರಾಯಿತು ಎಂದೆ. ಮಾಲಕರು ತಲೆ ಅಲ್ಲಾಡಿಸಿದರು. “ಪೂಜಿ ಆಗಿ ಕುಂತ ಮಗ್ಗ ಎಬ್ಬಸಬಾರದ್ರಿ ಮಾಸ್ತರ. ನಿಮ್ಮ ಗುರುತಿನ್ಯಾಗ ತೆಳ್ಳನ ನೇಕಾರ ಯಾರರ ಇದ್ರ ಹೇಳ್ರಿ.”

ಸಂಜೆಯ ಅಳತೆ

ಮಗ್ಗ, ಗೋಡೆ ಇವೆಲ್ಲ ಒಂದು ಸಲ ಅಳೆದರೆ ಮುಗಿಯಿತು. ನನ್ನನ್ನು ನಿಜವಾಗಿ ದಣಿಸಿದ್ದು ಎದುರುಮನೆಯ ಹುಡುಗಿಯ ಎತ್ತರ.

ಎದುರುಮನೆಯವರು ನೂಲಿನ ವ್ಯಾಪಾರಿಗಳು. ನೂಲಿನ ರೇಟು ಬಿಟ್ಟು ಬೇರೆ ಯಾವ ಮಾತಿಗೂ ಬಾಯಿ ತೆರೆಯದ ಮನುಷ್ಯ. ಮನೆಯ ಮಾತೆಲ್ಲ ಅವರ ಹೆಂಡತಿಯದೇ. ನಾವು ಅವರನ್ನು ವೈನಿ ಎನ್ನುತ್ತೇವೆ. ಒಬ್ಬಳೇ ಮಗಳು. ನನ್ನ ಕೈಯಲ್ಲಿ ಕಲಿತವಳು. ಈಗ ಜಮಖಂಡಿಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಎತ್ತರ ಐದು ಫೂಟು ಎಂಟು ಇಂಚು. ಶಾಲೆಯ ಮೈದಾನದಲ್ಲಿ ಆ ಎತ್ತರ ನೋಡಿ ನಾನು ಎಷ್ಟು ಖುಷಿಪಟ್ಟಿದ್ದೆನೋ, ಮನೆಯಲ್ಲಿ ಅದೇ ಎತ್ತರಕ್ಕೆ ಅವಳ ತಾಯಿ ಅಷ್ಟು ಅಳುತ್ತಿದ್ದರು. ಬಂದ ವರಗಳೆಲ್ಲ ಹುಡುಗಿ ಛಲೋ ಇದ್ದಾಳೆ, ನೌಕರಿ ಛಲೋ ಇದೆ, ಎತ್ತರ ಮಾತ್ರ ಸ್ವಲ್ಪ ಜಾಸ್ತಿಯಾಯಿತು ಎಂದು ಹೇಳಿ ಹೋಗುತ್ತಿದ್ದವು.

ವೈನಿಗೆ ಒಂದೇ ಆಸೆ. ನನ್ನ ಟೇಪು ಎಲ್ಲೋ ತಪ್ಪಿರಬೇಕು. ಹೊಸ ಸಂಬಂಧ ಬಂದಾಗಲೆಲ್ಲ ಮಗಳನ್ನು ಕರೆದುಕೊಂಡು ಬಂದು ನಮ್ಮ ಪಡಸಾಲೆಯ ಗೋಡೆಗೆ ನಿಲ್ಲಿಸುತ್ತಿದ್ದರು. ಎಷ್ಟು ಸಲ ಅಳೆದರೂ ಅಷ್ಟೇ. ಒಂದು ದಿನ ವೈನಿ ಮುಖ ಅರಳಿಸಿಕೊಂಡು ಬಂದರು. ದಿನವಿಡೀ ಓಡಾಡಿದ ಮನುಷ್ಯ ಸಂಜೆಗೆ ಸ್ವಲ್ಪ ಗಿಡ್ಡ ಆಗುತ್ತಾನಂತೆ, ಮೊಬೈಲಿನಲ್ಲಿ ಬಂದಿತ್ತಂತೆ, ಖರೆಯೋ ಸುಳ್ಳೋ ಎಂದು ಕೇಳಿದರು. ಖರೆ ಎಂದೆ. ಪಿ.ಟಿ. ಮಾಸ್ತರನಾಗಿ ಸುಳ್ಳು ಹೇಳಲಿಕ್ಕೆ ಆಗಲಿಲ್ಲ.

ಅವತ್ತು ಹುಡುಗಿ ಜಮಖಂಡಿಯ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಬ್ಯಾಗು ಇಳಿಸುವುದಕ್ಕೂ ಬಿಡದೆ ತಾಯಿ ಅವಳನ್ನು ನಮ್ಮ ಗೋಡೆಗೆ ನಿಲ್ಲಿಸಿದರು. ಅಳೆದೆ. ಖರೇನೇ ಅರ್ಧ ಇಂಚು ಕಡಿಮೆ ಬಂತು. ಹುಡುಗಿ ಸುಸ್ತಾಗಿ ನನ್ನ ಮುಖ ನೋಡಿದಳು, ನಾನು ಸುಸ್ತಾಗಿ ಅವಳ ಮುಖ ನೋಡಿದೆ. ವೈನಿ ಮಾತ್ರ ದೇವರಿಗೆ ಕೈ ಮುಗಿದರು.

“ಹಂಗಾರ ಇನ್ನ ಮ್ಯಾಲ ವರದಾವ್ರಿಗಿ ಸಂಜಿಮುಂದ ಬರ್ರಿ ಅಂತ ಹೇಳ್ತೇನ್ರಿ ಮಾಸ್ತರ.”

ಸಂಜೆಗೆ ವರನೂ ಅರ್ಧ ಇಂಚು ಇಳಿದಿರುತ್ತಾನೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾಯಿಯ ಎತ್ತರ

ನನ್ನ ಹೆಂಡತಿಯ ತಮ್ಮ ಮುಧೋಳದ ಹತ್ತಿರ ಹೊಲದಲ್ಲಿ ಮನೆ ಮಾಡಿಕೊಂಡಿದ್ದಾನೆ. ಕಬ್ಬಿನ ಜೊತೆ ಮುಧೋಳ ನಾಯಿ ಸಾಕುವ ಹುಚ್ಚು. ಒಂದು ನಾಯಿಗೆ ಫೋನಿನಲ್ಲಿ ಪುಣೆಯ ಗಿರಾಕಿ ಸಿಕ್ಕ. ಭುಜದ ಹತ್ತಿರ ನಾಯಿಯ ಎತ್ತರ ಎಷ್ಟು, ವಿಡಿಯೋ ಕಾಲಿನಲ್ಲಿ ಅಳೆದು ತೋರಿಸಿ ಎಂದನಂತೆ. ಮಾಮಾ, ಟೇಪು ತಗೊಂಡು ಬರ್ರಿ ಎಂದು ನನಗೆ ಫೋನು. ಆ ದಿನ ಕಿಸೆಯ ಟೇಪು ಯಾರೋ ಒಯ್ದಿದ್ದರು. ದೊಡ್ಡ ಟೇಪು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮುಧೋಳ ನಾಯಿಗೆ ಪರಕೀಯರು ಮೈ ಮುಟ್ಟಿದರೆ ಆಗುವುದಿಲ್ಲ. ನಾನು ಹತ್ತಿರ ಹೋದರೆ ಕೂಡುತ್ತದೆ, ದೂರ ಸರಿದರೆ ಏಳುತ್ತದೆ. ಬೈದರೆ ಬೇರೆ ಕಡೆ ಮುಖ ಮಾಡುತ್ತದೆ. ಫೋನಿನೊಳಗಿನ ಗಿರಾಕಿ ಮರಾಠಿಯಲ್ಲಿ ಏನೇನೋ ಕೇಳುತ್ತಿದ್ದ. ಬಿಸಿಲು ನೆತ್ತಿಗೇರಿತು. ನಾನು ದಣಿದು ಟೇಪನ್ನು ನೆಲಕ್ಕೆ ಇಟ್ಟು ನೀರು ಕುಡಿಯಲು ಹೋದೆ. ಬರುವಷ್ಟರಲ್ಲಿ ನಾಯಿ ಟೇಪಿನ ಮೊದಲ ಹತ್ತು ಸೆಂಟಿಮೀಟರನ್ನು ನೆಮ್ಮದಿಯಾಗಿ ಅಗಿದು ನುಂಗಿತ್ತು. ತುದಿಯ ಕೊಂಡಿಯನ್ನು ಮಾತ್ರ ಉಗುಳಿತ್ತು. ಎತ್ತರ ಎಷ್ಟು ಬಂತು ಎಂದು ಗಿರಾಕಿ ಫೋನಿನಲ್ಲಿ ಇನ್ನೂ ಕೇಳುತ್ತಲೇ ಇದ್ದ.

ನನ್ನ ಹೆಂಡತಿಯ ತಮ್ಮ ಸೋತ ದನಿಯಲ್ಲಿ ಹೇಳಿದ. “ಎತ್ತರ ನಾಯಿ ಹೊಟ್ಟ್ಯಾಗ ಐತ್ರಿ ಸಾಹೇಬ್ರ.”

ದಾಖಲೆಗಳು ಮುರಿದವು

ತುದಿ ಕಡಿದ ಟೇಪನ್ನು ತಂದು ಶಾಲೆಯ ಕಪಾಟಿನಲ್ಲಿ ಇಟ್ಟೆ. ಹೊಸದು ತರಬೇಕು ಎನ್ನುವಷ್ಟರಲ್ಲಿ ನನಗೆ ಬಾಗಲಕೋಟೆಯಲ್ಲಿ ಟ್ರೇನಿಂಗ್ ಬಂತು. ನಾನಿಲ್ಲದಾಗಲೇ ಶಾಲೆಯ ಕ್ರೀಡಾಕೂಟ. ಗಣಿತದ ಮಾಸ್ತರರಿಗೆ ಅಳತೆಯ ಜವಾಬ್ದಾರಿ. ಅವರು ಟೇಪಿನ ತುದಿ ಹಿಡಿದರು, ಇನ್ನೊಂದು ಕಡೆ ಬಂದ ಅಂಕಿ ಓದಿದರು. ತುದಿಯಲ್ಲಿ ಸೊನ್ನೆ ಇದೆಯೋ ಇಲ್ಲವೋ ಎಂದು ಯಾರು ನೋಡುತ್ತಾರೆ?

ನಾನು ತಿರುಗಿ ಬಂದಾಗ ಶಾಲೆಯಲ್ಲಿ ಹಬ್ಬದ ಕಳೆ. ಉದ್ದ ಜಿಗಿತ, ಗುಂಡು ಎಸೆತ ಎರಡರಲ್ಲೂ ಶಾಲೆಯ ಹಳೆಯ ದಾಖಲೆಗಳು ಮುರಿದಿದ್ದವು. ಗೆದ್ದವನು ಮಾತ್ರವಲ್ಲ, ಮೂರನೆಯವನೂ ದಾಖಲೆ ಮುರಿದಿದ್ದ. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು. ನಾನು ನಾಯಿಯ ಕಥೆ ಹೇಳಿದೆ. ಅವರು, ಹತ್ತು ಸೆಂಟಿಮೀಟರಿಗಾಗಿ ಹುಡುಗರ ಮನಸ್ಸು ಯಾಕೆ ನೋಯಿಸುತ್ತೀರಿ, ಬಹುಮಾನ ಎಲ್ಲ ಕೊಟ್ಟಾಗಿದೆ ಎಂದರು.

ಜಮಖಂಡಿಯಲ್ಲಿ ತಾಲೂಕು ಕ್ರೀಡಾಕೂಟವಾಯಿತು. ನಮ್ಮ ಹುಡುಗರು ಎಲ್ಲರೂ ತಪ್ಪದೆ ಹತ್ತು ಸೆಂಟಿಮೀಟರು ಕಡಿಮೆ ಜಿಗಿದರು. ಬಸ್ಸಿನಲ್ಲಿ ಬರುವಾಗ ಹೆಡ್‌ಮಾಸ್ತರರು ಬಹಳ ವಿಚಾರ ಮಾಡಿ ಕಾರಣ ಕಂಡುಹಿಡಿದರು.

“ನಮ್ಮ ಹುಡುಗ್ರಿಗಿ ನಮ್ಮ ಸಾಲಿ ಉಸುಕು ಹೊಂದೇತ್ರಿ. ಬ್ಯಾರೆ ಊರ ಉಸುಕಿನ್ಯಾಗ ಅವ್ರಿಗಿ ಬರಂಗಿಲ್ಲ.”

ಎರಡು ಇಂಚು

ಈ ನಡುವೆ ವೈನಿಯ ಮಗಳನ್ನು ನೋಡಲು ಇನ್ನೊಂದು ವರ ಬಂದು ಹೋಯಿತು. ಸಂಜೆಯೇ ಬಂದಿದ್ದರು. ಹುಡುಗ ಹುಡುಗಿಗಿಂತ ಎತ್ತರವೇ ಇದ್ದ. ಆದರೂ ಬೇಡ ಎಂದರು. ಹುಡುಗಿ ಹೈ ಹೀಲ್ಸ್ ಹಾಕಿದರೆ ಸರಿಯಾಗುವುದಿಲ್ಲ ಎಂದು ಹುಡುಗನ ಅಕ್ಕ ಹೇಳಿದಳಂತೆ. ನಮ್ಮ ಹುಡುಗಿ ಹುಟ್ಟಿದಾಗಿನಿಂದ ಹೈ ಹೀಲ್ಸ್ ಹಾಕಿದವಳಲ್ಲ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವಳು ನಗುತ್ತಲೇ ಇದ್ದಳು, ಆದರೆ ನಿಂತಾಗ ಭುಜ ಮುಂದೆ ಮಾಡಿ ಬಗ್ಗಿ ನಿಲ್ಲುವ ಚಾಳಿ ಬಿದ್ದಿತ್ತು. ಎದೆ ಎತ್ತಿ ನಿಲ್ಲು ಎಂದು ಮೈದಾನದಲ್ಲಿ ಅವಳಿಗೆ ಕಲಿಸಿದವನು ನಾನು. ಅದನ್ನು ನೋಡಿ ನನಗೆ ಬಹಳ ಕೆಟ್ಟ ಅನಿಸಿತು.

ವೈನಿ ಮಾತ್ರ ಸೋಲು ಒಪ್ಪುವವರಲ್ಲ. ಬಯೋಡಾಟಾ ಹೊಸದಾಗಿ ಟೈಪು ಮಾಡಿಸಿದರು. ಅದರಲ್ಲಿ ಮಗಳ ಎತ್ತರ ಐದು ಫೂಟು ಆರು ಇಂಚು. ಹೀಗೆ ಮಾಡಬಹುದೇ ಎಂದು ನಾನು ಕೇಳಿದೆ. ವೈನಿ ದನಿ ಇಳಿಸಿ ಹೇಳಿದರು. “ಎರಡ ಇಂಚ ಕಡಿಮಿ ಹೇಳಿದ್ರ ಯಾರ ಜೇಲಿಗಿ ಹಾಕ್ತಾರ್ರಿ? ಜನ ವಯಸ್ಸಿನ್ಯಾಗ ಐದ ಐದ ವರ್ಷ ನುಂಗ್ಯಾರ.”

ಅಜ್ಜಿ ಮತ್ತು ಗಟಾರ

ನಮ್ಮ ಓಣಿಗೆ ಹೊಸ ಗಟಾರ ಮಂಜೂರಾಯಿತು. ಗಟಾರ ಯಾರ ಮನೆಯ ಕಟ್ಟೆಯನ್ನು ತಿನ್ನುತ್ತದೆ ಎಂಬ ಚಿಂತೆ ಎಲ್ಲರಿಗೂ. ಅಳೆಯುವವರು ಬರುವ ಮೊದಲೇ ನಾವೇ ಒಮ್ಮೆ ಅಳೆದು ನೋಡೋಣ ಎಂದು ನನ್ನನ್ನು ಕರೆದರು. ಓಣಿಯ ನಡುಮಧ್ಯ ಎಲ್ಲಿ ಎಂದು ಕಂಡುಹಿಡಿಯಬೇಕಿತ್ತು. ಎಡಗಡೆಯವರು ತಮ್ಮ ಕಟ್ಟೆ ಬಿಟ್ಟು ಅಳೆಯಿರಿ ಎಂದರು. ಬಲಗಡೆಯವರು ತಮ್ಮ ಮೆಟ್ಟಿಲು ಬಿಟ್ಟು ಅಳೆಯಿರಿ ಎಂದರು. ಎಡಗಡೆಯವರ ಲೆಕ್ಕದಲ್ಲಿ ನಡುಮಧ್ಯ ಬಲಗಡೆಯ ಮನೆಯ ಪಡಸಾಲೆಯಲ್ಲಿ ಬಂತು. ಬಲಗಡೆಯವರ ಲೆಕ್ಕದಲ್ಲಿ ಎಡಗಡೆಯವರ ಬಚ್ಚಲಿನಲ್ಲಿ ಬಂತು. ನಾನು ನನ್ನ ಹೊಸ ಟೇಪು ಸುತ್ತಿಕೊಂಡು ಮನೆಗೆ ಬಂದೆ.

ಮುಂದೆ ಖರೇ ಅಳತೆಯವರು ಬಂದರು. ತಮ್ಮ ಟೇಪು ಆಫೀಸಿನಲ್ಲೇ ಮರೆತು ಬಂದಿದ್ದರು, ನನ್ನದನ್ನೇ ಇಸಿದುಕೊಂಡರು. ಎಲ್ಲರ ಮನೆಯ ಮುಂದೆ ಗೆರೆ ಬಿತ್ತು. ಮೂಲೆಮನೆಯ ಅಜ್ಜಿ ಮಾತ್ರ ತನ್ನ ಕಟ್ಟೆಯ ತುದಿಯಲ್ಲಿ ಕೂತು ಏಳಲಿಲ್ಲ. ಅಜ್ಜಿ, ಸರೀರಿ ಎಂದರೆ ಕೇಳಿಸಲಿಲ್ಲ. ಕೂಗಿ ಹೇಳಿದರೂ ಕೇಳಿಸಲಿಲ್ಲ. ಚಹಾ ಕುಡಿತೀರೇನ್ರಿ ಎಂದು ಯಾರೋ ಮೆಲ್ಲಗೆ ಅಂದರೆ ಹೂಂ ಎಂದಳು. ಅಳೆಯುವವನಿಗೂ ಬಿಸಿಲಿನಲ್ಲಿ ನಿಂತು ಸಾಕಾಗಿತ್ತು. ಅಜ್ಜಿಯ ಮೊಣಕಾಲನ್ನು ಸುತ್ತುಹಾಕಿ ಸುಣ್ಣದ ಗೆರೆ ಎಳೆದು ಮುಂದಿನ ಮನೆಗೆ ಹೋದ. ಗುತ್ತಿಗೆದಾರ ಸುಣ್ಣದ ಗೆರೆಯ ಮೇಲೇ ತೋಡಿದ.

ಅಜ್ಜಿ ಈಗಲೂ ಗಟ್ಟಿಮುಟ್ಟಾಗಿದ್ದಾಳೆ. ನಮ್ಮ ಓಣಿಯ ಗಟಾರ ನೆಟ್ಟಗೆ ಬಂದು ಅವಳ ಮೊಣಕಾಲಿನ ಹತ್ತಿರ ಸ್ವಲ್ಪ ಡೊಂಕಾಗಿ ಮುಂದೆ ಹೋಗುತ್ತದೆ.

ಯಜಮಾನನ ಮೊಳ

ಗಣಿತದ ಮಾಸ್ತರರು ಬೀಳಗಿಯವರು. ಅವರೂ ಅವರ ಅಣ್ಣನೂ ಕೂಡಿ ಅಲ್ಲಿ ಮನೆ ಕಟ್ಟಿಸಲು ಹೊರಟರು. ವಾಸ್ತುವಿನ ಆಯ ನೋಡುವ ಸ್ವಾಮಿಗಳು ಮನೆಯ ಉದ್ದ ಇಷ್ಟು ಮೊಳ, ಅಗಲ ಇಷ್ಟು ಮೊಳ ಬರಬೇಕು, ಮೊಳ ಮಾತ್ರ ಯಜಮಾನನ ಕೈಯದೇ ಆಗಿರಬೇಕು ಎಂದರು. ಮೊಳ ಎಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಅದನ್ನು ಫೂಟಿಗೆ ಇಳಿಸಿ ಕೊಡಲು ನಾನು ಬೀಳಗಿಗೆ ಹೋದೆ.

ಅಣ್ಣನ ಕೈ ಗಿಡ್ಡ, ತಮ್ಮನ ಕೈ ಉದ್ದ. ಅಣ್ಣ ದೊಡ್ಡವನು, ಯಜಮಾನ ತಾನು ಎಂದ. ಸಾಲ ಎತ್ತಿದವನು ತಾನು, ಯಜಮಾನ ತಾನೇ ಎಂದ ತಮ್ಮ. ಅಣ್ಣನ ಮೊಳದಲ್ಲಿ ಮನೆ ಸಣ್ಣದಾಗುತ್ತದೆ, ತಮ್ಮನ ಮೊಳದಲ್ಲಿ ಸೈಟು ಸಾಲುವುದಿಲ್ಲ. ಇಬ್ಬರೂ ಅಂಗಿಯ ತೋಳು ಮಡಚಿ ಕೈ ಚಾಚಿಕೊಂಡು ನಿಂತರು. ಒಮ್ಮೆ ಇವರ ಕೈ, ಒಮ್ಮೆ ಅವರ ಕೈ ಅಳೆಯುತ್ತ ನಾನು ನಡುವೆ ನಿಂತೆ. ಮಾತಿಗೆ ಮಾತು ಬೆಳೆದು ಇನ್ನೇನು ಮನೆ ಕಟ್ಟುವ ಮೊದಲೇ ಪಾಲಾಗುತ್ತದೆ ಎನ್ನಿಸಿತು.

ಒಳಗೆ ಜ್ವಾಳ ಹಸನು ಮಾಡುತ್ತಿದ್ದ ಅವರ ತಾಯಿ ಎದ್ದು ಬಂದರು. ಸಣ್ಣ ಆಳು. ಬಳೆ ಹಿಂದಕ್ಕೆ ಸರಿಸಿ ಕೈ ನನ್ನ ಮುಂದೆ ಚಾಚಿದರು. “ಯಜಮಾನಿ ನಾ ಇನ್ನೂ ಜೀವಂತ ಅದೀನಿ. ನನ್ನ ಮೊಳ ಹಿಡೀರಿ.” ಇಬ್ಬರು ಮಕ್ಕಳೂ ತೋಳು ಇಳಿಸಿದರು. ಆ ಮೊಳದಲ್ಲಿ ಅಡುಗೆಮನೆ ತೀರ ಇಕ್ಕಟ್ಟಾಗುತ್ತದೆ ಎಂದು ನಾನು ಅಂದರೆ, ಅಡುಗೆ ಮಾಡುವವಳು ತಾನು, ತನ್ನ ಕೈ ಮುಟ್ಟಿದಷ್ಟು ಸಾಕು ಎಂದರು.

ಮನೆ ಚೆನ್ನಾಗಿದೆ, ಆಯವೂ ಕೂಡಿದೆ. ಗಣಿತದ ಮಾಸ್ತರರು ಚಹಾ ಕೇಳಲಿಕ್ಕೆ ಅಡುಗೆಮನೆಗೆ ಹೋಗುವಾಗ ಅಡ್ಡಡ್ಡ ಹೋಗುತ್ತಾರೆ.

ಕೈ ಬಿಚ್ಚಿ ಮಾತು

ಇದು ಸಣ್ಣ ಪ್ರಸಂಗ. ನಮ್ಮ ಅಕ್ಕ ಯಾವಾಗ ಬಂದರೂ ತನ್ನ ಸೊಸೆಯ ರೊಟ್ಟಿ ಹೊಗಳುತ್ತಾಳೆ. ಇಷ್ಟಗಲ ಬಡಿಯುತ್ತಾಳೆ ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಾಳೆ. ವರ್ಷದಿಂದ ವರ್ಷಕ್ಕೆ ಕೈ ಅಗಲವಾಗುತ್ತಲೇ ಹೋಯಿತು. ಒಂದು ಸಲ ನನ್ನ ಹೆಂಡತಿ ತಟ್ಟೆ ಕೆಳಗಿಟ್ಟು, ಮೊಳೆಗೆ ನೇತುಹಾಕಿದ್ದ ಟೇಪು ತಂದು, ಅಕ್ಕನ ಎರಡು ಕೈಗಳ ನಡುವೆ ಹಿಡಿದಳು. ಎರಡೂವರೆ ಫೂಟು. ನಮ್ಮ ಮನೆಯ ರೊಟ್ಟಿ ಬೇಯಿಸುವ ಹಂಚು ಅದರ ಅರ್ಧವೂ ಇಲ್ಲ.

ಅಕ್ಕ ಉಂಡು ಕೈ ತೊಳೆದು ಹೊರಡುವಾಗ ನನಗೊಬ್ಬನಿಗೇ ಕೇಳುವಂತೆ ಹೇಳಿದಳು. “ಇನ್ನ ಮ್ಯಾಲ ನಿಮ್ಮನಿಗಿ ಬಂದ್ರ ಕೈ ಕಟಗೊಂಡ ಮಾತಾಡಬೇಕು ನೋಡಪಾ.”

ನಿಲ್ಲಬೇಡಿ, ಕೂಡ್ರಿ

ಕೊನೆಗೆ ಜಮಖಂಡಿಯಿಂದ ಒಂದು ಸಂಬಂಧ ಬಂತು. ಹುಡುಗ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬಯೋಡಾಟಾದಲ್ಲಿ ಎತ್ತರ ಐದು ಫೂಟು ಒಂಬತ್ತು ಇಂಚು. ವೈನಿ ಆ ಕಾಗದವನ್ನು ದೇವರ ಜಗಲಿಯ ಮೇಲೆ ಇಟ್ಟರು. ಆದರೆ ತಾವೇ ಕಾಗದದಲ್ಲಿ ಎರಡು ಇಂಚು ನುಂಗಿದವರಿಗೆ ಮಂದಿಯ ಕಾಗದದ ಮೇಲೆ ನಂಬಿಕೆ ಹೇಗೆ ಬರಬೇಕು? ವರದವರು ಬರುವ ದಿನ ನನ್ನನ್ನು ಮೊದಲೇ ಕರೆಸಿಕೊಂಡರು. ಒಳಬಾಗಿಲಿನ ಚೌಕಟ್ಟಿನ ಮೇಲೆ ಐದು ಫೂಟು ಎಂಟು ಇಂಚಿಗೆ ಪೆನ್ಸಿಲಿನಿಂದ ಗುರುತು ಹಾಕಿಸಿದರು. ಹುಡುಗ ಒಳಗೆ ಬರುವಾಗ ತಲೆ ಎಲ್ಲಿಗೆ ಬರುತ್ತದೆ ನೋಡಿ ಹೇಳುವುದು ನನ್ನ ಕೆಲಸ. ಇದು ಮುರಿದರೆ ತಾನು ಇನ್ನು ಯಾರ ಮುಂದೆಯೂ ಮಗಳನ್ನು ಕೂಡಿಸುವುದಿಲ್ಲ ಎಂದು ವೈನಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರ ಮೇಲೆ ನನಗೆ ಯಾವತ್ತೂ ಬರದ ಕರುಣೆ ಅವತ್ತು ಬಂತು.

ಕಾರು ಬಂತು. ಹುಡುಗ, ಅವನ ತಾಯಿ, ಚಿಮ್ಮಡದ ಅವನ ಸೋದರಮಾವ. ಹುಡುಗ ಇಳಿದು ನಿಂತದ್ದನ್ನು ಕಿಟಕಿಯಿಂದ ನೋಡಿ ವೈನಿಯ ಮುಖ ಬೆಳಗಿತು. ನಿಜಕ್ಕೂ ಎತ್ತರ ಕಂಡ. ಆಮೇಲೆ ಕಟ್ಟೆಯ ಹತ್ತಿರ ಬಂದು ಎಲ್ಲರಂತೆ ಬೂಟು ಬಿಚ್ಚಿದ. ಎರಡು ಇಂಚು ದಪ್ಪದ ಅಟ್ಟೆಯ ಬೂಟು. ಬೂಟು ಹೊರಗೆ ಉಳಿಯಿತು, ಹುಡುಗ ಒಳಗೆ ಬಂದ. ತಲೆ ಪೆನ್ಸಿಲಿನ ಗುರುತಿನ ಕೆಳಗೇ ದಾಟಿ ಹೋಯಿತು. ವೈನಿ ನನ್ನನ್ನು ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

ಕೈ ತೊಳೆಯುತ್ತೇನೆ ಎಂದು ಸೋದರಮಾವ ಎದ್ದರು. ಹಿತ್ತಲ ಬಾಗಿಲು ತೋರಿಸಲು ಸ್ವಲ್ಪ ತಡವಾಗಿ ನಾನು ಹಿಂದೆ ಹೋದರೆ, ಆ ಮನುಷ್ಯ ಅಡುಗೆಮನೆಯ ಬಾಗಿಲಿಗೆ ಟೇಪು ಹಚ್ಚಿ ನಿಂತಿದ್ದಾರೆ. ಈಗಷ್ಟೇ ಹುಡುಗಿ ಅಲ್ಲಿ ಒರಗಿ ನಿಂತು ಒಳಗೆ ಹೋಗಿದ್ದಳು. ಅವಳ ತಲೆ ಬಂದ ಜಾಗಕ್ಕೆ ಅವರು ಹೆಬ್ಬೆರಳು ಒತ್ತಿ ಹಿಡಿದಿದ್ದರು. ನನ್ನ ಕೈಯಲ್ಲಿಯ ಟೇಪು ಅವರು ನೋಡಿದರು, ಅವರ ಕೈಯಲ್ಲಿಯದನ್ನು ನಾನು ನೋಡಿದೆ. ಇಬ್ಬರೂ ಹಿತ್ತಲಿನ ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತೆವು. ಚಿಮ್ಮಡದಲ್ಲಿ ಅವರ ಓಣಿಗೂ ಅವರದೊಂದೇ ಟೇಪಂತೆ. ಆ ಮಾತು ಕೇಳಿ ನನಗೆ ಒಡಹುಟ್ಟಿದವರು ಸಿಕ್ಕ ಹಾಗಾಯಿತು.

“ನಮ್ಮ ಹುಡುಗ ಐದು ಏಳರಿ. ಐದು ಒಂಬತ್ತ ಬರೆಸಿದಾಕಿ ನಮ್ಮಕ್ಕ,” ಎಂದರು. ನಾನೂ ನಮ್ಮ ಕಡೆಯ ಎರಡು ಇಂಚು ಒಪ್ಪಿಕೊಂಡೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಕಾಗದದಲ್ಲಿ ಹುಡುಗ ಮೂರು ಇಂಚು ಎತ್ತರ, ಖರೇದಲ್ಲಿ ಹುಡುಗಿ ಒಂದು ಇಂಚು ಎತ್ತರ. ಏನು ಮಾಡೋಣ ಎಂದು ಕೇಳಿದರು. ಉಪ್ಪಿಟ್ಟು ತಿಂದು ಸುಮ್ಮನಿರೋಣ ಎಂದೆ. ಅವರಿಗೂ ಅದೇ ಸರಿ ಕಂಡಿತು.

ಆಮೇಲೆ ನಡೆದದ್ದನ್ನು ನಾವಿಬ್ಬರೇ ಪೂರ್ತಿ ನೋಡಿದವರು. ಹುಡುಗ ಮತ್ತು ಹುಡುಗಿ ಒಟ್ಟಿಗೆ ನಿಲ್ಲಬಾರದು ಎಂದು ವೈನಿ ನಿರ್ಧರಿಸಿದ್ದರು. ಹುಡುಗನ ತಾಯಿಯೂ ಅದನ್ನೇ ನಿರ್ಧರಿಸಿದ್ದರು. ಹುಡುಗಿ ಚಹಾ ತಂದಾಗ ಮರ್ಯಾದೆಗೆ ಹುಡುಗ ಎದ್ದ. ಅವನ ತಾಯಿ ತೋಳು ಹಿಡಿದು ಜಗ್ಗಿ ಕೂಡಿಸಿದರು. ಹುಡುಗಿ ನೀರು ತರಲು ಏಳುವುದಕ್ಕೂ, ಹುಡುಗ ಕಪ್ಪು ಇಡಲು ಏಳುವುದಕ್ಕೂ ಸರಿಹೋಯಿತು. ನಾಲ್ಕು ಕಡೆಯಿಂದ ಕುಂದರ್ರಿ ಕುಂದರ್ರಿ ಎಂದು ದನಿ ಬಂತು, ಇಬ್ಬರೂ ಕೂತರು. ನೀರು ಬರಲೇ ಇಲ್ಲ. ಎಂಥ ಉಪಚಾರದ ಮಂದಿ, ಏಳಲಿಕ್ಕೇ ಬಿಡುವುದಿಲ್ಲ ಎಂದು ಹುಡುಗನ ತಾಯಿ ವೈನಿಯನ್ನು ಹೊಗಳಿದರು. ವೈನಿಯೂ ಅವರನ್ನು ಹಾಗೇ ಹೊಗಳಿದರು. ಎಂದೂ ಮಾತಾಡದ ನೂಲಿನ ವ್ಯಾಪಾರಿಗಳು ಆಗ ಬಾಯಿ ತೆರೆದು, ಹುಡುಗ ಹುಡುಗಿ ಬೇಕಾದರೆ ಮಾಳಿಗೆಯ ಮೇಲೆ ಹೋಗಿ ನಾಲ್ಕು ಮಾತಾಡಿ ಬರಲಿ ಎಂದರು. ಇಬ್ಬರು ತಾಯಂದಿರೂ ಒಮ್ಮೆಲೇ ಬೇಡ ಎಂದರು. ಬಿಸಿಲು ಎಂದರು ಒಬ್ಬರು. ಮೆಟ್ಟಿಲು ಸರಿಯಿಲ್ಲ ಎಂದರು ಇನ್ನೊಬ್ಬರು. ಮೆಟ್ಟಿಲು ಸರಿಯಿಲ್ಲ ಎಂದವರು ಈ ಮನೆಗೆ ಮೊದಲ ಸಲ ಬಂದಿದ್ದ ಹುಡುಗನ ತಾಯಿ.

ಹುಡುಗಿ ಚಹಾದ ತಾಟು ನೆಲಕ್ಕಿಟ್ಟಳು. ಎದ್ದು ನೆಟ್ಟಗೆ ನಿಂತಳು. ಆ ನಿಲುವು ನೋಡಿ ಎಷ್ಟೋ ದಿನವಾಗಿತ್ತು.

“ಅಳದ ಅಳದ ನಾ ಗಿಡ್ಡ ಆಗಂಗಿಲ್ಲ. ಸರ್, ಟೇಪ್ ಕೊಡ್ರಿ,” ಎಂದಳು.

ಸರ್ ಎಂದದ್ದು ನನಗೆ. ಆದರೆ ನನ್ನ ಜೊತೆ ಸೋದರಮಾವನ ಕೈಯೂ ಕಿಸೆಗೆ ಹೋಯಿತು. ಪಡಸಾಲೆಯ ನಡುವೆ ಎರಡು ಟೇಪು ಹೊರಗೆ ಬಂದವು. ಹುಡುಗನ ತಾಯಿ ತಮ್ಮನನ್ನು ನೋಡಿದರು, ವೈನಿ ನನ್ನನ್ನು ನೋಡಿದರು. ಆಮೇಲೆ ಇಬ್ಬರು ತಾಯಂದಿರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಹುಡುಗ ತಾನಾಗಿಯೇ ಎದ್ದು ಬಂದು ಚೌಕಟ್ಟಿಗೆ ಬೆನ್ನು ಹಚ್ಚಿದ. ಹುಡುಗಿಯೇ ಅಳೆದಳು, ಎಲ್ಲರಿಗೂ ಕೇಳುವಂತೆ ಓದಿದಳು. ಐದು ಏಳು. ನಂತರ ತಾನು ನಿಂತಳು, ಅವನು ಅಳೆದ. ಐದು ಎಂಟು. ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ಮುಗಿಯಿತು, ಈ ಮನೆಯಲ್ಲಿ ಇನ್ನು ಮದುವೆಯ ಮಾತಿಲ್ಲ ಎಂದು ನಾನು ತಲೆ ತಗ್ಗಿಸಿದೆ.

ಹುಡುಗ ಟೇಪು ಮಡಚಿ ನನಗೆ ಕೊಟ್ಟು ತನ್ನ ತಾಯಿಯ ಕಡೆ ತಿರುಗಿದ. “ಅಟ್ಟದ ಮ್ಯಾಲಿನ ಡಬ್ಬಿ ತಗದ ಕೊಡಾಕ ಮನ್ಯಾಗ ಯಾರೂ ಇಲ್ಲ ಅಂತ ದಿನಾ ಒದರತಿದ್ದಿ. ಈಗ ಸಿಕ್ಕಾರ ನೋಡು.” ಹುಡುಗಿ ನಕ್ಕಳು. ಬಾಯಿಗೆ ಕೈ ಅಡ್ಡ ಇಡದೆ, ಮೈದಾನದಲ್ಲಿ ನಗುತ್ತಿದ್ದ ಹಾಗೆ ನಕ್ಕಳು. ಅಷ್ಟಕ್ಕೇ ಸಂಬಂಧ ಗಟ್ಟಿಯಾಯಿತೆಂದು ನನಗೆ ಗೊತ್ತಾಯಿತು.

ಹುಡುಗನ ತಾಯಿ ಸ್ವಲ್ಪ ಹೊತ್ತು ಸೀರೆಯ ನಿರಿಗೆ ಸರಿಮಾಡಿಕೊಂಡರು. ಆಮೇಲೆ ಮೆಲ್ಲಗೆ ವೈನಿಯ ಹತ್ತಿರ ಸರಿದು, “ಬಯೋಡಾಟಾದಾಗ ಮತ್ತೇನರ ಐತೇನ್ರಿ?” ಎಂದು ಕೇಳಿದರು.

“ಮೊದಲ ನಿಮ್ಮದು ಹೇಳ್ರಿ,” ಎಂದರು ವೈನಿ.

ಎಲ್ಲರೂ ನಕ್ಕರು. ನೀರು ಬಂತು, ಚಹಾ ಎರಡನೆಯ ಸಲ ಬಂತು. ಇಬ್ಬರದೂ ಒಂದು ಫೋಟೋ ತೆಗೆದು ಬಳಗಕ್ಕೆ ಕಳಿಸೋಣ ಎಂದು ಸೋದರಮಾವ ಮೊಬೈಲು ಹಿಡಿದರು. ಹುಡುಗ ಹುಡುಗಿ ಮಗ್ಗುಲಿಗೆ ನಿಂತರು. ವೈನಿ ಮಗಳಿಗೆ ಸ್ವಲ್ಪ ಬಗ್ಗವಾ ಎಂದರು. ಅದೇ ಹೊತ್ತಿಗೆ ಹುಡುಗನ ತಾಯಿ ಮಗನಿಗೆ ಹಿಮ್ಮಡ ಎತ್ತೋ ಎಂದರು.

“ನಾ ಬಗ್ಗಂಗಿಲ್ಲ,” ಎಂದಳು ಹುಡುಗಿ.

“ನಾ ಎತ್ತಂಗಿಲ್ಲ,” ಎಂದ ಹುಡುಗ.

ಸೋದರಮಾವ ಮೊಬೈಲಿನೊಳಗೆ ಒಮ್ಮೆ ನೋಡಿದರು, ತಾಯಂದಿರನ್ನು ಒಮ್ಮೆ ನೋಡಿದರು, ಉಸಿರುಬಿಟ್ಟು ಒಂದು ಕುರ್ಚಿ ಎಳೆದುಕೊಂಡರು.

“ಆತು ಬಿಡ್ರಿ. ಹಂಗಾರ ನಾನ ಕುರ್ಚಿ ಹತ್ತತೇನಿ. ಮ್ಯಾಲಿಂದ ತಗದ್ರ ಯಾರ ಎತ್ತರ, ಯಾರ ಗಿಡ್ಡ ಯಾರಿಗೂ ತಿಳಿಯಂಗಿಲ್ಲ.”

ಆ ಕುರ್ಚಿಯ ಒಂದು ಕಾಲು ಅಲುಗಾಡುತ್ತಿತ್ತು. ಅದನ್ನು ಹಿಡಿದುಕೊಳ್ಳಲಿಕ್ಕೆ ಎಲ್ಲರೂ ಸೇರಿ ನನ್ನನ್ನೇ ಕರೆದರು.